ಖಾರ ಕಾಣದ ನೀರು

ವಾರಕ್ಕೊಮ್ಮೆ ಮೂರು ಊರಲ್ಲಿ ಗಟಾರದ ಮುಚ್ಚಳ ತೆಗೆಸಿ, ಒಳಗೆ ಹರಿಯುವ ನೀರನ್ನು ಬಾಟಲಿಗೆ ತುಂಬಿಕೊಂಡು ಬರುವುದು ನನ್ನ ಕೆಲಸ. ಹೀಗೆ ನೇರವಾಗಿ ಹೇಳಿದರೆ ಕೇಳಿದವರ ಮೂಗು ಸೊಟ್ಟಗಾಗುತ್ತದೆ ಎಂದು ನನಗೆ ಗೊತ್ತು. ಮೊದಮೊದಲು 'ಲ್ಯಾಬಿನಲ್ಲಿ ಕೆಲಸ' ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಆ ಉಸಾಬರಿ ಬಿಟ್ಟಿದ್ದೇನೆ. ಮೂಗು ಅವರದು, ಸೊಟ್ಟ ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಲಿ.

ನಾನು ಹೋಗುವುದು ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರಗಳಿಗೆ. ತಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು, ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಇನ್ನೊಂದು. ಕೊರೊನಾದಂಥ ರೋಗದ ವೈರಸ್ಸು ಮನುಷ್ಯನಿಗೆ ಕೆಮ್ಮು, ಜ್ವರ ಬರುವ ಮೊದಲೇ ಅವನ ಮಲದ ಜೊತೆ ಹೊರಗೆ ಹೋಗಲು ಶುರುವಾಗುತ್ತದೆ. ಕೆಲವರಿಗಂತೂ ಜ್ವರವೇ ಬರುವುದಿಲ್ಲ, ಆದರೂ ಅದು ಹೋಗುತ್ತಲೇ ಇರುತ್ತದೆ. ಹಾಗಾಗಿ ಒಂದು ಮನೆಯ ಸಂಡಾಸು, ಬಚ್ಚಲುಗಳ ನೀರೆಲ್ಲ ಕೂಡುವ ಚೇಂಬರಿನಿಂದ ಒಂದು ಬಾಟಲಿ ನೀರು ತಂದು ನೋಡಿದರೆ, ಆ ಮನೆಯೊಳಗೆ ರೋಗ ಕಾಲಿಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ದಿನಾ ಬೆಳಗಾದರೆ ಎಲ್ಲ ಮುದುಕರ ಮೂಗಿಗೂ ಕಡ್ಡಿ ಹಾಕುವ ಗೋಜು ಇಲ್ಲ. ಮುದುಕರಿಗೂ ಅದೇ ಬೇಕು.

ಇದನ್ನೆಲ್ಲ ನಾನು ನನ್ನ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅತ್ತೆ ಎಲ್ಲವನ್ನೂ ಗಮನವಿಟ್ಟು ಕೇಳಿ, ಕೊನೆಗೆ, "ಅದೆಲ್ಲಾ ಖರೆ ಐತಿ, ಮೊದಲ ಜಳಕಾ ಮಾಡಿ ಬಾ" ಎನ್ನುತ್ತಿದ್ದರು. ಸ್ಕೂಟಿ ನಿಲ್ಲಿಸುವ ಸದ್ದು ಕೇಳುತ್ತಲೇ ಹಿತ್ತಿಲ ಬಾಗಿಲು ತೆರೆದು ಬಿಸಿನೀರು ಇಟ್ಟಿರುತ್ತಿದ್ದರು. ನನ್ನ ಗಂಡನಂತೂ, "ಏನ್ರಿ, ಇವತ್ತ ಊರ ಒಳಗಿನ ಸುದ್ದಿ?" ಎಂದು ಪ್ರತಿ ಸಲ ಕೇಳಿ ಪ್ರತಿ ಸಲ ತಾನೇ ನಗುತ್ತಿದ್ದ. ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದನ್ನು ಒಳಗೆ ಇಟ್ಟುಕೊಳ್ಳುವ ಅಭ್ಯಾಸವೂ ಇಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳು ಬಹಳ ಸದ್ದು ಮಾಡಿವೆ.

ಕೇಂದ್ರಗಳಲ್ಲೂ ಮೊದಲು ನನಗೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೇ. ಗೇಟು ತೆರೆಯುತ್ತಿದ್ದರು, ಚೇಂಬರ್ ಇರುವ ದಿಕ್ಕಿಗೆ ಕೈ ಮಾಡಿ ತೋರಿಸುತ್ತಿದ್ದರು, ಆಮೇಲೆ ಎಲ್ಲರಿಗೂ ಒಳಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನಾನು ಕೈಗವಸು ಹಾಕಿ, ಕೋಲಿಗೆ ಬಾಟಲಿ ಕಟ್ಟಿ ಇಳಿಸಿ, ತುಂಬಿಸಿ, ಐಸಿನ ಡಬ್ಬಿಯಲ್ಲಿಟ್ಟುಕೊಂಡು ಹೊರಡುತ್ತಿದ್ದೆ. ನೀರು ಬೇಕೇನು ಎಂದು ಯಾರೂ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಗುಡಿಯ ಹಿಂದಿನ ಕೇಂದ್ರದಲ್ಲಿ ಮಾತ್ರ ಮೊದಲ ದಿನವೇ ಬೇರೆಯಾಯಿತು. ಅದೊಂದು ಹಳೆಯ ವಾಡೆ, ಹಿಂದಿನ ಕಾಲದ ದೊಡ್ಡ ಮನೆ. ಹಿಂದುಗಡೆ ಕಲ್ಲು ಹಾಸಿದ ಅಂಗಳ, ಅಂಗಳದ ಮೂಲೆಯಲ್ಲಿ ಚೇಂಬರ್. ನಾನು ಬಾಟಲಿಯ ಬಿರಡೆ ಬಿಗಿಮಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಯಾರ ಮನಿ ಮಗಳ ಬೇ ನೀ? ಆ ಗಟಾರದ ಮುಂದ ಬಿಸಲಾಗ ಯಾಕ ಕುಂತಿ?"

ತಿರುಗಿ ನೋಡಿದರೆ ಪಡಸಾಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಮುಂದೆ ನಡೆಯಲು ಹಿಡಿದುಕೊಳ್ಳುವ ವಾಕರ್. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಎಲ್ಲೂ ಒಂದು ಸುಕ್ಕಿಲ್ಲ. ಹೇಳಿದೆ. ಆಕೆ ಕೇಳಿಸಿಕೊಂಡಳು. ಮೂಗು ಸೊಟ್ಟ ಮಾಡಲಿಲ್ಲ.

"ಆತಲ್ಲ ಕೆಲಸಾ? ಕೈಕಾಲ ತೊಳಕೋ, ಬಾ ಇಲ್ಲಿ. ಬೆಲ್ಲ ತಿಂದು ನೀರ ಕುಡಿ. ಮನಿಗೆ ಬಂದಾಕಿ ಹಂಗ ಹೋಗಬಾರದು."

ಅಲ್ಲಿ ಶುಶ್ರೂಷೆಗೆ ಇದ್ದ ಹೆಂಗಸು ಬೆಲ್ಲ, ಒಂದಿಷ್ಟು ಹುರಿದ ಶೇಂಗಾ, ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಾಗ ನನಗೆ ಅಳು ಬಂತು. ಬಿಸಿಲಿಗೆ ಕಣ್ಣು ಉರಿಯುತ್ತಿದೆ ಎಂದು ಸುಳ್ಳು ಹೇಳಿದೆ.

ಆಯಿ ಹುಟ್ಟಿದ್ದು ಬಿಜ್ಜರಗಿಯಲ್ಲಿ, ಕೊಟ್ಟದ್ದು ನಿಡೋಣಿಗೆ. ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆದಮೇಲೆ ದಿನಾ ಕಾಲಿನ ವ್ಯಾಯಾಮ ಮಾಡಿಸುವವರು ಬೇಕು ಎಂದು ಮನೆಯವರು ಇಲ್ಲಿ ತಂದಿಟ್ಟಿದ್ದರು. ಮಗ ದ್ರಾಕ್ಷಿ ತೋಟದ ನಡುವೆಯೂ ಬಿಡುವು ಮಾಡಿಕೊಂಡು ವಾರವಾರ ಬರುತ್ತಿದ್ದ. ಸೊಸೆ ರೊಟ್ಟಿ, ರಂಜಕ ಕಟ್ಟಿ ಕಳಿಸುತ್ತಿದ್ದಳು. ಕೆಂಪು ಮೆಣಸಿನಕಾಯಿ, ಬಳ್ಳುಳ್ಳಿ ಹಾಕಿ ರುಬ್ಬಿದ ಆ ರಂಜಕ ನಾಲಿಗೆಗೆ ತಾಗಿದರೆ ಕಿವಿಯಲ್ಲಿ ಹೊಗೆ ಬರಬೇಕು, ಅಂಥದ್ದು. ಆಯಿ ಅದನ್ನು ಇಡೀ ಪಡಸಾಲೆಗೆ ಹಂಚುತ್ತಿದ್ದಳು. ಪಕ್ಕದ ಕೋಣೆಯ ನಿವೃತ್ತ ಮಾಸ್ತರರು ಡಾಕ್ಟರು ಬೇಡವೆಂದರೂ ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು.

ಆಯಿಗೆ ಒಂದೇ ಒಂದು ಕಾಯುವಿಕೆ ಇತ್ತು. ಮೊಮ್ಮಗನಿಗೆ ಮಗಳು ಹುಟ್ಟಿದ್ದಳು. ಬಾಣಂತಿ ತವರಿನಲ್ಲಿದ್ದಳು. ಐದನೇ ತಿಂಗಳಿಗೆ ಕೂಸನ್ನು ಗಂಡನ ಮನೆಗೆ ಕರೆತರುವಾಗ ದಾರಿಯಲ್ಲಿ ವಿಜಯಪುರದಲ್ಲಿ ಇಳಿದು, ಮೊದಲು ಆಯಿಯ ತೊಡೆಯ ಮೇಲೆ ಮಲಗಿಸಿ ಆಮೇಲೆ ನಿಡೋಣಿಗೆ ಹೋಗುವುದು ಎಂದು ಮಾತಾಗಿತ್ತು. ಆಯಿ ಹಳೆಯ ಸೀರೆಗಳ ತುಂಡು ಸೇರಿಸಿ ಸಣ್ಣದೊಂದು ಕೌದಿ ಹೊಲಿಯುತ್ತಿದ್ದಳು. ಫೋನಿನಲ್ಲಿ ಕೂಸಿನ ಫೋಟೊ ತೋರಿಸಿದರೆ ಮುಖ ಆಚೆ ತಿರುಗಿಸುತ್ತಿದ್ದಳು.

"ಫೋಟೊ ಬ್ಯಾಡ ನನಗ. ಮನಿಯವ್ರಿಗೆ ಕೊರೊನಾ ಬಂದಾಗ ಹಿಂಗ ಫೋನಿನ್ಯಾಗ ತೋರಿಸಿದ್ರು. ದವಾಖಾನಿಗೆ ನಡಕೋತ ಹೋದವ್ರು ಹೊಳ್ಳಿ ಬರಲಿಲ್ಲ. ಕೈ ಸುದ್ದಾ ಮುಟ್ಟಾಕ ಬಿಡಲಿಲ್ಲ. ಕೂಸಿನ್ನ ನಾ ಕೈಯಾರೆ ಎತಗೋತೀನಿ, ಆವಾಗ ನೋಡತೀನಿ."

ಮನಿಯವ್ರು ಎಂದರೆ ಆಕೆಯ ಗಂಡ. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ಇತ್ತ ಲ್ಯಾಬಿನಲ್ಲಿ ಗುಡಿಯ ಹಿಂದಿನ ಕೇಂದ್ರದ ನೀರು ವಾರದಿಂದ ವಾರಕ್ಕೆ ಸ್ವಚ್ಛವೆಂದೇ ಬರುತ್ತಿತ್ತು. ನನಗೆ ಖುಷಿ. ಒಂದು ದಿನ ನಮ್ಮ ಲ್ಯಾಬಿನ ಹಿರಿಯ ಡಾಕ್ಟರು ಹಿಂದಿನ ವಾರಗಳ ವರದಿಗಳನ್ನೆಲ್ಲ ಒಟ್ಟಿಗೆ ತೆಗೆದು ನೋಡಿ, ನನ್ನನ್ನು ಕರೆದು ಕೇಳಿದರು.

"ಆ ಕೇಂದ್ರದಾಗ ಯಾರೂ ಖಾರ ತಿನ್ನೂದಿಲ್ಲೇನ್ರಿ?"

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುವ ಮನುಷ್ಯರಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಮೆಣಸಿನಕಾಯಿ ಗಿಡಕ್ಕೆ ತಗಲುವ ಒಂದು ವೈರಸ್ಸು ಇದೆಯಂತೆ. ಮನುಷ್ಯನಿಗೆ ಅದರಿಂದ ಏನೂ ಆಗುವುದಿಲ್ಲ. ಖಾರ ತಿಂದವರ ಹೊಟ್ಟೆಯಿಂದ ಹಾಗೇ ಹೊರಗೆ ಬರುತ್ತದೆ. ಹಾಗಾಗಿ ತಂದ ನೀರಿನಲ್ಲಿ ಅದನ್ನೂ ಹುಡುಕುತ್ತಾರೆ. ಅದು ಸಿಕ್ಕಿದರೆ ಇದು ಮನುಷ್ಯರ ಮನೆಯ ನೀರು, ಪರೀಕ್ಷೆ ಸರಿ ಇದೆ ಎಂದು ಅರ್ಥ. ಅದೇ ಸಿಗದಿದ್ದರೆ ಉಳಿದದ್ದು ಸಿಗಲಿಲ್ಲ ಎಂಬುದಕ್ಕೂ ಬೆಲೆಯಿಲ್ಲ. ಗುಡಿಯ ಹಿಂದಿನ ನೀರಿನಲ್ಲಿ ಮೆಣಸಿನಕಾಯಿಯ ಸುಳಿವೇ ಇರಲಿಲ್ಲ.

"ಸರ್, ಅಲ್ಲಿ ರಂಜಕ ಇಲ್ಲಂದ್ರ ಯಾರೂ ರೊಟ್ಟಿ ಮುರಿಯೂದಿಲ್ಲರಿ" ಎಂದೆ.

"ಹಂಗಾರ ಮತ್ತ ಎಲ್ಲಿಂದ ತುಂಬತೀರಿ? ನಳದ ನೀರಂತೂ ಅಲ್ಲಲ್ಲ?"

ಅಷ್ಟು ಸಾಕಾಯಿತು ನನಗೆ. ಬಿಸಿಲಲ್ಲಿ ಗಟಾರದ ಮೇಲೆ ಬಗ್ಗುವವಳು ನಾನು, ನಳದ ಕೆಳಗೆ ಬಾಟಲಿ ಹಿಡಿದಳು ಎನ್ನಿಸಿಕೊಳ್ಳುವವಳೂ ನಾನೇ. "ಒಂದ ದಿನ ನೀವ ಬಂದು ಮೂಸಿ ನೋಡ್ರಿ ಸರ್" ಎಂದು ಹೊರಗೆ ಬಂದುಬಿಟ್ಟೆ. ಅವರು ಅಂದದ್ದು ಕೆಟ್ಟ ಮನಸ್ಸಿನಿಂದಲ್ಲ ಎಂದು ಸಂಜೆಯ ಹೊತ್ತಿಗೆ ಗೊತ್ತಾಯಿತು. ಆದರೂ ಆ ದಿನ ಮನೆಯ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ.

ಸಾಮಾನ್ಯವಾಗಿ ನಾನು ಬೆಳಗ್ಗೆ ತಿಕೋಟಾ, ಅಲ್ಲಿಂದ ಬಬಲೇಶ್ವರ ಮುಗಿಸಿ ಕೊನೆಗೆ ವಿಜಯಪುರದ ಕೇಂದ್ರಕ್ಕೆ ಬರುತ್ತಿದ್ದೆ. ಮುಂದಿನ ವಾರ ಸ್ಕೂಟಿ ಮನೆಯ ಮುಂದೆಯೇ ಕೈಕೊಟ್ಟಿತು. ಅದನ್ನು ರಿಪೇರಿಗೆ ಬಿಟ್ಟು, ಅಷ್ಟರಲ್ಲಿ ಹತ್ತಿರದ್ದಾದರೂ ಮುಗಿಸೋಣವೆಂದು ಐಸಿನ ಡಬ್ಬಿ ಹಿಡಿದುಕೊಂಡು ನಡೆದೇ ಗುಡಿಯ ಹಿಂದೆ ಹೋದೆ. ಯಾರೂ ನನ್ನನ್ನು ಅಷ್ಟು ಬೇಗ ಎದುರುನೋಡಿರಲಿಲ್ಲ.

ಹಿಂದಿನ ಅಂಗಳ ಗುಡಿಸಿ ನೀರು ಹೊಡೆದಿತ್ತು. ಚೇಂಬರಿನ ಸುತ್ತ ಎಳೆ ಎಳೆಯಾಗಿ ರಂಗೋಲಿ, ಅದಕ್ಕೆ ಅರಿಸಿನ, ಕುಂಕುಮ. ಮುಚ್ಚಳ ಪಕ್ಕಕ್ಕೆ ಸರಿಸಿತ್ತು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದಳು. ಪಕ್ಕದಲ್ಲಿ ಫಿನಾಯಿಲ್ ಕಲಸಿದ ಬಕೆಟ್ಟು ತನ್ನ ಸರದಿಗೆ ಕಾಯುತ್ತಿತ್ತು. ಕುರ್ಚಿಯಲ್ಲಿ ಕೂತ ಆಯಿ ವಾಕರ್ ಎತ್ತಿ ತೋರಿಸುತ್ತ, "ಇನ್ನೊಂದ ಹಿಡಿ ಹಾಕು. ನಿಮ್ಮಪ್ಪನ ಮನಿ ಗಂಟೇನು, ಕೈ ಹಿಡದ ಹಾಕಾಕ?" ಎನ್ನುತ್ತಿದ್ದಳು.

ನಾನು ನಿಂತಲ್ಲೇ ನಿಂತೆ. "ಆಯಿ, ಏನರಿ ಇದು?"

ಆಯಿಗೆ ಸ್ವಲ್ಪ ನಾಚಿಕೆಯಾಯಿತು. ಅಡುಗೆ ಆಗುವ ಮೊದಲೇ ಬೀಗರು ಬಂದಂತಾಗಿತ್ತು ಆಕೆಗೆ.

"ಇವತ್ತ ನೀ ಬರೂ ದಿನಾ ಅಲ್ಲೇನ? ಬರೋರ ಮುಂದ ಹೊಲಸ ಇಡಾಕ ಬರತೈತೇನು? ನೀ ಬಗ್ಗಿ ಮಾರಿ ಇಟ್ಟ ನೋಡತೀ. ನಿನ್ನ ಮೂಗಿಗೆ ವಾಸನಿ ಬಡೀಬಾರದು ಅಂತ ಪ್ರತಿ ಸಲಾ ತೊಳಸತೀನಿ. ರಂಗೋಲಿ ನೀ ಬರೂದರಾಗ ಗಾಳಿಗಿ ಹೋಗಿರತೈತಿ, ಅದಕ್ಕ ನೀ ನೋಡಿಲ್ಲ."

ಪ್ರತಿ ಸಲ ಮೂಗಿಗೆ ಬಡಿಯುತ್ತಿದ್ದ ಫಿನಾಯಿಲ್ ವಾಸನೆ ಪಡಸಾಲೆ ಒರೆಸಿದ್ದರದು ಎಂದುಕೊಂಡಿದ್ದೆ ನಾನು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಎಷ್ಟೋ ವಾರಗಳ ಕೆಲಸ ನೀರಲ್ಲಿ ಹೋಗಿತ್ತು. ಬ್ಲೀಚಿಂಗ್ ಪೌಡರಿನಲ್ಲಿ ಕೊರೊನಾದ ಗುರುತೂ ಉಳಿಯುವುದಿಲ್ಲ, ಮೆಣಸಿನಕಾಯಿಯ ಗುರುತೂ ಉಳಿಯುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಂಗಳ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಆದರೆ ಇದನ್ನು ಮಾಡಿದ್ದು ನನಗಾಗಿ. ನನ್ನನ್ನು ಗಟಾರದವಳು ಎಂದು ನೋಡದೆ, ಮನೆಗೆ ಬರುವವಳು ಎಂದು ನೋಡಿದ್ದಕ್ಕಾಗಿ. ಆಯಿಯ ಪಕ್ಕ ಕಲ್ಲಿನ ಮೇಲೆ ಕೂತು, ಖಾರದ ಕಥೆಯನ್ನು ಮೊದಲಿನಿಂದ ಹೇಳಿದೆ.

ಆಯಿ ಕೇಳಿ ನಕ್ಕಳು. ನಗುನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಸೊಸಿ ರಂಜಕ ಗಟಾರದಾಗ ಕಾಣವಲ್ದು ಅಂತ ನಿಮ್ಮ ಸಾಹೇಬಗ ಚಿಂತಿ ಹತ್ತೇತೇನು? ಆಕಿಗೆ ಹೇಳತೀನಿ ತಡಿ, ಇನ್ನೊಂದೀಟು ಮೆಣಸಿನಕಾಯಿ ಹಾಕ ಅಂತ."

ಆಮೇಲೆ ಗಂಭೀರವಾಗಿ, "ಅಂದ್ರ ನೀ ಬರೂದ ಹೊಲಸ ನೋಡಾಕ. ಹೊಲಸ ಹೊಲಸಾಗೇ ಇರಬೇಕು" ಎಂದಳು.

"ಹೌದ್ರಿ ಆಯಿ."

"ಎಂಥಾ ಕೆಲಸ ಹಿಡದೀ ಬೇ" ಎಂದು ನಿಟ್ಟುಸಿರು ಬಿಟ್ಟು, ಬಕೆಟ್ಟು ಒಳಗೆ ಒಯ್ಯಲು ಅಕ್ಕನಿಗೆ ಕೈಸನ್ನೆ ಮಾಡಿದಳು. ಜೀವಮಾನವೆಲ್ಲ ಒಲೆ, ಬಚ್ಚಲು, ಕೊಟ್ಟಿಗೆ ತಿಕ್ಕಿ ತೊಳೆದ ಹೆಂಗಸಿಗೆ ಅದು ಸುಲಭದ ಮಾತಾಗಿರಲಿಲ್ಲ.

ಮುಂದಿನ ಸಲ ಆ ಚೇಂಬರಿನ ನೀರು ನಿಜವಾಗಿ ನಾರುತ್ತಿತ್ತು. ಅಷ್ಟು ಸಂತೋಷದಿಂದ ನಾನು ಯಾವ ದುರ್ನಾತವನ್ನೂ ಮೂಸಿಲ್ಲ. ಬಾಟಲಿ ಲ್ಯಾಬಿಗೆ ಹೋಯಿತು. ಮರುದಿನ ಡಾಕ್ಟರು ಫೋನು ಮಾಡಿದರು. ಖಾರ ಕಂಡಿತ್ತು, ಬೇಕಾದಷ್ಟು. ಜೊತೆಗೆ ಕೊರೊನಾವೂ ಕಂಡಿತ್ತು.

ಕೂಸು ಬರುವ ಭಾನುವಾರ ಇನ್ನೇನು ಎದುರಿಗೇ ಇತ್ತು.

ಕೇಂದ್ರದಲ್ಲಿ ಯಾರಿಗೂ ಕೆಮ್ಮಿಲ್ಲ, ಜ್ವರವಿಲ್ಲ. ಎಲ್ಲರೂ ರಂಜಕ ತಿಂದು ಆರಾಮಾಗಿದ್ದರು. ಆದರೂ ಕೇಂದ್ರ ನಡೆಸುವ ಡಾಕ್ಟರಮ್ಮ ಎಲ್ಲರನ್ನೂ ಪರೀಕ್ಷೆ ಮಾಡಿಸುವುದೆಂದು, ಅಲ್ಲಿಯವರೆಗೆ ಹೊರಗಿನವರನ್ನು ಬಿಡುವುದಿಲ್ಲವೆಂದು ನಿರ್ಧರಿಸಿದರು. ಆಯಿಗೆ ನಾನೇ ಹೇಳುತ್ತೇನೆ ಎಂದು ನಾನು ಮುಂದಾಗಿ ಹೋದೆ. ಬೇರೆಯವರ ಬಾಯಲ್ಲಿ ಆಕೆ ಇದನ್ನು ಕೇಳುವುದು ನನಗೆ ಸರಿ ಕಾಣಲಿಲ್ಲ. ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ದೂರ ನಿಂತು ಹೇಳಿದೆ. ಆಕೆಯ ತೊಡೆಯ ಮೇಲೆ ಹೊಲಿದು ಮುಗಿದ ಕೌದಿ ಇತ್ತು.

ಆಯಿಯ ಮುಖ ಕೆಂಪಾಯಿತು.

"ಯಾರಿಗೆ ಏನಾಗೇತಿ? ಎಲ್ಲಾರೂ ಗಟ್ಟಿ ಅದಾರ. ಒಂದ ಗಟಾರ ಹೇಳತೈತಿ ಅಂತ ನನ್ನ ಕೂಸಿನ್ನ ನಿಲ್ಲಸತೀರೇನು? ನೀ ಹೊಲಸ ಇಡು ಅಂದಿ, ಇಟ್ಟೆ. ಈಗ ಅದ ಹೊಲಸ ನನಗ ಅಡ್ಡ ಬಂತು. ಬರ್ತಿದ್ದಿಲ್ಲ ನೀ ಅಂದ್ರ ಚಲೋ ಇತ್ತು!"

ಬೈಸಿಕೊಂಡೆ. ಆಯಿ ಬಹಳ ಹೊತ್ತು ಕೌದಿಯ ಅಂಚನ್ನು ಉಗುರಿನಿಂದ ತೀಡುತ್ತ ಕೂತಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಕೂಸಿಗೆ ತಾಗತೈತೇನು?"

"ತಾಗಬಹುದರಿ. ಯಾರ ಮೈಯಾಗ ಐತಿ ಅಂತ ನೀರ ಹೇಳೂದಿಲ್ಲ. ಈ ಮನ್ಯಾಗ ಐತಿ ಅಂತಷ್ಟ ಹೇಳತೈತಿ."

ಆಯಿ ಫೋನು ತರಿಸಿದಳು. ಮೊಮ್ಮಗ ಎತ್ತಿಕೊಂಡ.

"ಯಪ್ಪಾ, ಐತವಾರ ಇಲ್ಲಿ ಇಳೀಬ್ಯಾಡ್ರಿ. ಸೀದಾ ನಿಡೋಣಿಗೆ ಹೋಗ್ರಿ... ಇಲ್ಲೋ, ನಾ ಅರಾಮ ಅದೀನಿ. ನಮ್ಮ ಗಟಾರಕ್ಕ ಅರಾಮಿಲ್ಲ... ಹೂಂ, ನಗು ನೀ. ನಾ ಹೇಳಿದಷ್ಟ ಕೇಳು. ಕೂಸಿನ್ನ ಇಲ್ಲಿ ಕರಕೊಂಡ ಬಂದ್ರ ನಿನ್ನ ಮಾರಿ ನೋಡೂದಿಲ್ಲ ನಾ."

ಫೋನು ಕೊಟ್ಟು ಕೌದಿಯನ್ನು ಮಡಚಿದಳು. ನನ್ನ ಕಡೆ ನೋಡಲಿಲ್ಲ. ನಾನು ಬೆಲ್ಲ ತಿನ್ನದೆ, ನೀರು ಕುಡಿಯದೆ ಹೊರಟೆ. ಆ ಅಂಗಳದಿಂದ ಹಾಗೆ ಹೊರಟದ್ದು ಅದೊಂದೇ ಸಲ.

ಎರಡು ದಿನದಲ್ಲಿ ಎಲ್ಲರ ಪರೀಕ್ಷೆ ಮುಗಿಯಿತು. ಕೆಲವರಲ್ಲಿ ಸೋಂಕು ಇತ್ತು. ಮಾಸ್ತರರಿಗೆ ಇತ್ತು. ಆಯಿಗೂ ಇತ್ತು. ಜ್ವರವಿಲ್ಲ, ನೆಗಡಿಯಿಲ್ಲ, ಬೈಯುವ ದನಿ ಕೂಡ ಕಮ್ಮಿಯಾಗಿರಲಿಲ್ಲ, ಆದರೂ ಇತ್ತು. ಭಾನುವಾರ ಆ ಕೂಸು ಮಲಗಬೇಕಿದ್ದ ತೊಡೆ ಅದು.

ಬೇಗ ಗೊತ್ತಾದದ್ದರಿಂದ ಬೇಗ ಔಷಧಿ ಸಿಕ್ಕಿತು. ಸೋಂಕು ಇದ್ದವರನ್ನು ಬೇರೆ ಕೋಣೆಗಳಲ್ಲಿ ಇಟ್ಟರು. ಮಾಸ್ತರರಿಗೆ ಕೆಲವು ದಿನ ಆಕ್ಸಿಜನ್ ಬೇಕಾಯಿತು. ನಾವೆಲ್ಲ ಹೆದರಿದ್ದೆವು. ಅವರು ಗಟ್ಟಿ ಜೀವ, ಎದ್ದು ಕೂತು ಮೊದಲು ಕೇಳಿದ್ದು ರಂಜಕ. ಯಾರೂ ತೀರಿಹೋಗಲಿಲ್ಲ. ಹಿಂದೆ ಇದೇ ರೋಗ ಇದೇ ಊರಿನಲ್ಲಿ ಏನು ಮಾಡಿತ್ತು ಎಂದು ನೋಡಿದವರಿಗೆ, ಯಾರೂ ಹೋಗಲಿಲ್ಲ ಎಂಬ ಎರಡು ಪದ ಎಷ್ಟು ದೊಡ್ಡದೆಂದು ಗೊತ್ತು. ನಾನು ದೇವರನ್ನು ಬಹಳ ಪೀಡಿಸುವವಳಲ್ಲ. ಆ ವಾರ ಸಿದ್ಧೇಶ್ವರ ಗುಡಿಯ ಮುಂದೆ ಸ್ಕೂಟಿ ನಿಲ್ಲಿಸಿ, ಐಸಿನ ಡಬ್ಬಿ ಹೊರಗೇ ಬಿಟ್ಟು, ಒಳಗೆ ಹೋಗಿ ಕೈ ಮುಗಿದು ಬಂದೆ.

ಆಯಿಯನ್ನು ಕಿಟಕಿಯ ಹೊರಗಿನಿಂದ ಮಾತಾಡಿಸಿದೆ. ನನ್ನನ್ನು ನೋಡುತ್ತಲೇ ಆಕೆ ಸರಳಿನ ಹತ್ತಿರ ಬಂದು, ನೆನಪಾಗಿ ಮತ್ತೆ ಹಿಂದೆ ಸರಿದಳು.

"ನನ್ನ ಮೈಯಾಗ ಇತ್ತಲ್ಲ ಬೇ! ನಾ ಎತಗೋತಿದ್ನಿ. ಮುದ್ದ ಕೊಡತಿದ್ನಿ. ನನಗೇನ ಗೊತ್ತಾಗತಿತ್ತು?" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಮನಿಯವ್ರ ಕೈ ಮುಟ್ಟಲಿಲ್ಲಂತ ಇಷ್ಟ ವರ್ಸ ಅತ್ತೀನಿ. ಈ ಸಲ ಕೂಸಿನ್ನ ಮುಟ್ಟಲಿಲ್ಲಂತ ದೇವರಿಗೆ ಕೈ ಮುಗದೀನಿ. ನಿನಗ ಬೈದಿದ್ದು ಮನಸಿನ್ಯಾಗ ಇಟಗೋಬ್ಯಾಡ" ಎಂದಳು.

"ನೀವ ಬ್ಲೀಚಿಂಗ್ ಪೌಡರ್ ನಿಲ್ಲಿಸಿದ್ದಕ್ಕ ಗೊತ್ತಾತರಿ ಆಯಿ" ಎಂದೆ. ನಿಜವೂ ಅದೇ. ನಾನು ತರುವುದು ನೀರು ಮಾತ್ರ. ಆಕೆ ಬಿಟ್ಟುಕೊಟ್ಟದ್ದು ತನ್ನ ಜನ್ಮದ ಅಭ್ಯಾಸವನ್ನು, ಆಮೇಲೆ ಆ ಭಾನುವಾರವನ್ನು.

ಮನೆಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದರು, ಕಣ್ಣಲ್ಲಿ ನೀರು ತಂದುಕೊಂಡರು, "ಜಳಕಾ ಮಾಡಿ ಬಾ" ಎಂದರು. ಆದರೆ ಅವತ್ತು ಜಳಕ ಮಾಡಿ ಬರುವಷ್ಟರಲ್ಲಿ ಚಹಾ ಮಾಡಿ ಇಟ್ಟಿದ್ದರು. ಅಂದಿನಿಂದ ಇವತ್ತಿನವರೆಗೆ ಅದು ತಪ್ಪಿಲ್ಲ. ಗಂಡನ ತಮಾಷೆ ಮಾತ್ರ ಹಾಗೇ ಇದೆ. ಅದಕ್ಕೆ ಔಷಧಿಯಿಲ್ಲ.

ಆಮೇಲೆ ನಾನು ಹೋದಾಗಲೆಲ್ಲ ಆಯಿಯದು ಒಂದೇ ಪ್ರಶ್ನೆ. "ನೀರ ಏನ ಅಂತೈತಿ?" ಇನ್ನೂ ಸ್ವಲ್ಪ ಐತ್ರಿ ಎನ್ನುತ್ತಿದ್ದೆ. "ಇರ್ಲಿ, ಕಾಯೋಣು" ಎನ್ನುತ್ತಿದ್ದಳು. ಸೋಂಕಿದ್ದವರೆಲ್ಲ ಗುಣವಾದರು. ನೀರಿನಲ್ಲಿ ಅದರ ಗುರುತು ಕಡಿಮೆಯಾಗುತ್ತ ಬಂತು. ಒಂದು ದಿನ ಖಾರ ಮಾತ್ರ ಕಂಡಿತು. ಮುಂದಿನ ವಾರವೂ ಖಾರ ಮಾತ್ರ. ಡಾಕ್ಟರಮ್ಮ ಬಾಗಿಲು ತೆರೆದರು.

ಕೂಸು ಬರುವ ದಿನ ನನ್ನ ಕೆಲಸದ ದಿನವಾಗಿರಲಿಲ್ಲ. ಬಾ ಎಂದು ಆಯಿ ಹೇಳಿಕಳಿಸಿದ್ದಳು. ಬಾಟಲಿ, ಕೋಲು, ಡಬ್ಬಿ ಏನೂ ಇಲ್ಲದೆ, ಒಳ್ಳೆಯ ಸೀರೆ ಉಟ್ಟು ಆ ಅಂಗಳಕ್ಕೆ ಹೋದದ್ದು ಅದೇ ಮೊದಲು. ಅಂಗಳ ಗುಡಿಸಿ ನೀರು ಹೊಡೆದಿತ್ತು. ಬಾಗಿಲಲ್ಲಿ ರಂಗೋಲಿ ಇತ್ತು, ಚೇಂಬರಿನ ಸುತ್ತಲೂ ಇತ್ತು. ಮುಚ್ಚಳವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಆಯಿ ಅದೇ ಹಸಿರು ಇಳಕಲ್ ಸೀರೆ ಉಟ್ಟು, ಒಂದು ಸುಕ್ಕಿಲ್ಲದ ಹಾಗೆ ಸೆರಗು ಹೊದ್ದು, ತೊಡೆಯ ಮೇಲೆ ಕೌದಿ ಹಾಸಿಕೊಂಡು ಕೂತಿದ್ದಳು.

ಮೊಮ್ಮಗನ ಹೆಂಡತಿ ಕೂಸನ್ನು ಮುಂದೆ ಚಾಚಿದಳು. ಆಯಿಯ ಎರಡೂ ಕೈ ಮೇಲೆದ್ದವು. ಅಲ್ಲೇ ನಿಂತವು. ಆಕೆ ತಿರುಗಿ ನನ್ನ ಕಡೆ ನೋಡಿದಳು.

"ನೀರ ಏನ ಅಂತೈತಿ?"

"ತೊಗೋ ಅಂತೈತಿರಿ ಆಯಿ" ಎಂದೆ.

ಕೂಸು ತೊಡೆಗೆ ಬಂತು. ಆಯಿ ಅದರ ಕೈ ಹಿಡಿದಳು, ಒಂದೊಂದೇ ಬೆರಳು ಬಿಡಿಸಿ ನೋಡಿದಳು, ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಕೂಸು ಒಂದು ಸಲ ಮೈ ಮುರಿದು ಉಚ್ಚೆ ಹೊಯ್ದಿತು. ಕೌದಿ ನೆನೆದು, ಇಳಕಲ್ ಸೀರೆಯೂ ಮೊಣಕಾಲವರೆಗೆ ಒದ್ದೆಯಾಯಿತು. ತಾಯಿ ಗಾಬರಿಯಾಗಿ ಕೈ ಚಾಚಿದಳು. ಆಯಿ ಕೊಡಲಿಲ್ಲ.

"ಬಾಟಲಿ ತಂದೀಯೇನ ಬೇ? ಇದನ್ನೂ ತುಂಬಕೋ. ನಿಮ್ಮ ಸಾಹೇಬಗ ತೋರಸು" ಎಂದು ನನಗೆ ಹೇಳಿದಳು.

"ಇದರಾಗ ಖಾರ ಸಿಗಂಗಿಲ್ಲರಿ ಆಯಿ."

ಆಯಿ ನಕ್ಕಳು. ಅಳುತ್ತಲೇ ನಕ್ಕಳು. ಅಕ್ಕ ಒಣ ಸೀರೆ ಹಿಡಿದುಕೊಂಡು ಬಂದು, ಬದಲಿಸ್ತೀನಿ ಏಳ್ರಿ ಎಂದಳು.

"ಇರ್ಲಿ ಬಿಡು" ಎಂದಳು ಆಯಿ. "ತೊಳಿಯೂದು ಇದ್ದ ಇರತೈತಿ."

ಮಧ್ಯಾಹ್ನ ಊಟವಾಯಿತು. ರಂಜಕಕ್ಕೆ ಎಲ್ಲರ ಮೂಗಿನಲ್ಲೂ ನೀರು ಬಂತು. ಹೊತ್ತು ಇಳಿಯುವಾಗ ಅವರೆಲ್ಲ ನಿಡೋಣಿಗೆ ಹೊರಟರು, ನಾನೂ ಎದ್ದೆ. ಆಯಿ ಇನ್ನೂ ಅದೇ ಸೀರೆಯಲ್ಲೇ ಕೂತಿದ್ದಳು.